ಕುಂಬಾರ ಬೀದಿ ಲೈನು: ಸದ್ದಿಲ್ಲ

ಜನವರಿ 6, ಸೋಮವಾರ

ಗೊಬ್ಬರದಂಗಡಿಯವರು ಈ ಸಲ ಕ್ಯಾಲೆಂಡರಿನ ಬದಲು ಡೈರಿ ಕೊಟ್ಟಿದ್ದಾರೆ. ಪ್ರತಿ ಪುಟದ ಅಡಿಯಲ್ಲೂ ಯಾವ ಹುಳಕ್ಕೆ ಯಾವ ಔಷಧ ಎಂದು ಅಚ್ಚಾಗಿದೆ. ನನಗೆ ಹೊಗೆಸೊಪ್ಪೂ ಇಲ್ಲ, ಶುಂಠಿಯೂ ಇಲ್ಲ. ಇರುವುದು ಪುರಸಭೆಯ ನೀರುಗಂಟಿ ಕೆಲಸ. ಅದೂ ಈ ಡಿಸೆಂಬರಿಗೆ ಮುಗಿಯುತ್ತದೆ. ಮೂವತ್ತೊಂದು ವರ್ಷ ಊರಿಗೆ ನೀರು ಬಿಟ್ಟವನು ಕೊನೆಯ ವರ್ಷದ್ದನ್ನಾದರೂ ಬರೆದಿಡೋಣ ಎಂದು ಕೂತಿದ್ದೇನೆ. ಯಾರೂ ಓದಬೇಕಾಗಿಲ್ಲ.

ಇವತ್ತು ಗರಡಿ ಬೀದಿಯಲ್ಲಿ ನೀರು ಸೋರುತ್ತಿದೆ ಎಂದು ದೂರು ಬಂತು. ಸರಳು ತೆಗೆದುಕೊಂಡು ಹೋದೆ. ನಾಲ್ಕಡಿಯ ಕಬ್ಬಿಣದ ಸರಳು ಅದು. ಒಂದು ತುದಿ ಪೈಪಿನ ವಾಲ್ವ್ ಮೇಲೋ ನಲ್ಲಿಯ ಮೇಲೋ, ಇನ್ನೊಂದು ತುದಿ ಕಿವಿಯ ಹಿಂದಿನ ಮೂಳೆಗೆ. ಎಲ್ಲಾದರೂ ಸೋರುತ್ತಿದ್ದರೆ ಒಗ್ಗರಣೆ ಹಾಕಿದಂಥ ಸದ್ದು ಬರುತ್ತದೆ, ಹತ್ತಿರ ಹೋದಷ್ಟೂ ಜೋರಾಗುತ್ತದೆ. ಫಿಟ್ಟರ್ ಚನ್ನಬಸವಣ್ಣ ಸಾಯುವ ಮುಂಚೆ ನನಗೊಬ್ಬನಿಗೇ ಕಲಿಸಿದ ವಿದ್ಯೆ. ಊರಿನ ಯಾವ ರಸ್ತೆ ಅಗೆಯಬೇಕಾದರೂ ಮೊದಲು ಮುದ್ದಯ್ಯನನ್ನು ಕರೆಯಿರಿ ಎನ್ನುತ್ತಾರೆ. ಸುಮ್ಮನೆ ಯಾಕೆ ಸಂಕೋಚ, ಆ ಮಾತು ಕೇಳಿದರೆ ಈಗಲೂ ಎದೆ ಉಬ್ಬುತ್ತದೆ.

ಆದರೆ ಇವತ್ತು ಮೊದಲನೆಯ ಗುಂಡಿಯಲ್ಲಿ ಒಣಮಣ್ಣು. ಎರಡನೆಯದರಲ್ಲೂ ಒಣಮಣ್ಣು. ಮೂರನೆಯದರಲ್ಲಿ ಸಿಕ್ಕಿತು. ಜೊತೆಯ ವಾಲ್ವ್‌ಮನ್ ಬಸವರಾಜು ಗುದ್ದಲಿ ಊರಿಕೊಂಡು ನಿಂತು, "ಏನ್ ಮುದ್ದಣ್ಣ, ಬೀದಿ ತುಂಬ ಬಾಳೆಗಿಡ ನೆಡೋ ಪ್ಲಾನಾ?" ಎಂದ. ಅವನದು ಹುಟ್ಟಾ ದೊಡ್ಡ ಗಂಟಲು. ನಾಲ್ಕು ಮನೆಯವರು ಹೊರಗೆ ಬಂದು ನಕ್ಕರು.

ಪ್ಲಾಸ್ಟಿಕ್ ಪೈಪು ಬಂದ ಮೇಲೆ ಸದ್ದು ಸರಿಯಾಗಿ ಹಾಯುವುದಿಲ್ಲ. ಹಳೆಯ ಕಬ್ಬಿಣದ ಪೈಪಿನ ಗತ್ತೇ ಬೇರೆ.

ಜನವರಿ 20, ಸೋಮವಾರ

ಹೊಸ ಜೂನಿಯರ್ ಇಂಜಿನಿಯರ್ ಬಂದರು. ಬೃಂದಾ ಎಂದು ಹೆಸರು, ಎಚ್.ಡಿ. ಕೋಟೆ ಕಡೆ ಅಂತರಸಂತೆಯವರಂತೆ. ನನ್ನ ಮಗಳು ಸಂಘಮಿತ್ರಳಿಗಿಂತ ನಾಲ್ಕು ವರ್ಷ ಚಿಕ್ಕವರಿರಬಹುದು. ಇನ್ನೂ ಪ್ರೊಬೇಷನ್ ಮುಗಿದಿಲ್ಲ. ಬಂದ ದಿನವೇ ಚಪ್ಪಲಿ ಕಳಚಿ ವಾಲ್ವ್ ಗುಂಡಿಗೆ ಇಳಿದು ನೋಡಿದರು. ಅದು ಹಿಡಿಸಿತು.

ಮಾತು ಮಾತ್ರ ತುಟಿಯಲ್ಲೇ. ಈಗಿನ ಮಕ್ಕಳಿಗೆ ಬಾಯಿ ಬಿಟ್ಟು ಮಾತಾಡಲು ಸೋಮಾರಿತನ. "ಒಸಿ ಗಟ್ಟಿಯಾಗಿ ಹೇಳಿ ಮೇಡಂ" ಎಂದು ಎರಡು ಸಲ ಹೇಳಬೇಕಾಯಿತು. ಬಸವರಾಜು ನನ್ನ ಮುಖವನ್ನೇ ನೋಡುತ್ತಿದ್ದ.

ಪಂಪ್‌ಹೌಸಿಗೆ ಹೊಸ ಮೋಟಾರು ಕೂರಿಸಿದ್ದಾರೆ. ಹಳೆಯದು ಅರಚಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ಇದು ಓಡುತ್ತಿದೆಯೋ ನಿಂತಿದೆಯೋ ಮೈ ಮುಟ್ಟಿ ನೋಡಬೇಕು. ಅಷ್ಟು ಮೆತ್ತಗೆ. ಮಾಲು ಎಂದರೆ ಹೀಗಿರಬೇಕು.

ಫೆಬ್ರವರಿ 4, ಮಂಗಳವಾರ

ಕುಂಬಾರ ಬೀದಿಗೆ ಕಾಂಕ್ರೀಟ್ ರಸ್ತೆ ಮಂಜೂರಾಗಿದೆ. ಕಾಂಕ್ರೀಟ್ ಹಾಕಿದರೆ ಐದು ವರ್ಷ ಅಗೆಯುವಂತಿಲ್ಲ. ಆದ್ದರಿಂದ ಕೆಳಗಿನ ನೀರಿನ ಲೈನು ಚೆನ್ನಾಗಿದೆ ಎಂದು ನಮ್ಮ ವಿಭಾಗದಿಂದ ಮೊದಲು ಬರೆದುಕೊಡಬೇಕು. ಲೈನು ಚನ್ನಬಸವಣ್ಣನ ಕಾಲದ್ದು. ಒಂದು ಕಡೆ ಚರಂಡಿಯ ಅಡಿಯಲ್ಲೇ ಹಾಯುತ್ತದೆ. ಅಲ್ಲಿ ಪೈಪು ಒಡೆದರೆ ಕಷ್ಟ. ನೀರು ಬಿಟ್ಟಾಗ ಒಳಗಿನದು ಹೊರಕ್ಕೆ ಹೋಗುತ್ತದೆ, ನೀರು ನಿಂತ ಮೇಲೆ ಚರಂಡಿಯದು ಒಳಕ್ಕೆ ಬರುತ್ತದೆ. ನಾವು ನೀರು ಬಿಡುವುದು ಮೂರು ದಿನಕ್ಕೊಮ್ಮೆ.

ಬೃಂದಾ ಮೇಡಂ ಈ ಸಲ ಗಟ್ಟಿಯಾಗಿ, "ಮೈಸೂರಿಂದ ಲೀಕ್ ಹುಡುಕೋ ಮಷಿನ್ ತರಿಸೋಣ ಮುದ್ದಯ್ಯನವರೇ, ಹದಿನೈದು ದಿನ ಆಗಬಹುದು" ಎಂದರು. ಕಂಟ್ರಾಕ್ಟರು ಜಲ್ಲಿ ಇಳಿಸಿ ಆಗಿತ್ತು. ಅವನ ಮುಖ ಗಂಟಾಯಿತು.

"ಮಷಿನ್ನಿಗೆ ಬ್ಯಾಟರಿ ಬೇಕು ಮೇಡಂ. ನಂಗೆ ಒಂದ್ ಲೋಟ ಕಾಫಿ ಸಾಕು" ಎಂದೆ.

ಎಲ್ಲರೂ ನಕ್ಕರು. ಮೇಡಂ ನನ್ನನ್ನು ನೋಡಿದರು. ಆಮೇಲೆ ಹತ್ತಿರ ಬಂದು, "ಆಯ್ತು. ನಿಮ್ಮನ್ನ ನಂಬ್ತೀನಿ" ಎಂದರು. ನನಗೆ ಖುಷಿಯಾಯಿತು. ಮಗಳ ವಯಸ್ಸಿನವರು ಹಾಗೆ ಹೇಳಿದರೆ ಯಾರಿಗಾದರೂ ಆಗುತ್ತದೆ.

ಫೆಬ್ರವರಿ 7, ಶುಕ್ರವಾರ

ಬೆಳಗಿನ ಐದು ಗಂಟೆಗೆ ಕುಂಬಾರ ಬೀದಿಗೆ ನೀರು ಬಿಟ್ಟು, ಗಾಡಿಗಳ ಓಡಾಟ ಶುರುವಾಗುವುದರೊಳಗೆ ಹನ್ನೊಂದು ಕಡೆ ಸರಳು ಇಟ್ಟೆ. ಚರಂಡಿ ದಾಟುವ ಜಾಗದಲ್ಲಿ ಕಾಲು ಗಂಟೆ ನಿಂತೆ. ಒಂದಿಷ್ಟೂ ಸದ್ದಿಲ್ಲ. ಇಂಥ ಶುದ್ಧವಾದ ಲೈನನ್ನು ನನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಹಳೆಯ ಪೈಪು ಎಂದರೆ ನೀರು ಹರಿಯುವ ಸಣ್ಣ ಗುಂಯ್ ಆದರೂ ಇರುತ್ತದೆ. ಇದರಲ್ಲಿ ಅದೂ ಇಲ್ಲ. ಚನ್ನಬಸವಣ್ಣನ ಕೈ ಎಂಥ ಕೈ!

ರಿಜಿಸ್ಟರಿನಲ್ಲಿ ಬರೆದೆ: ಕುಂಬಾರ ಬೀದಿ ಲೈನು, ಸದ್ದಿಲ್ಲ. ನನ್ನ ಸಹಿ, ಅದರ ಕೆಳಗೆ ಮೇಡಂ ಸಹಿ.

ಚರಂಡಿ ಪಕ್ಕದ ಮನೆ ಭದ್ರಮ್ಮನವರದು. ಮಗ ಧರ್ಮೇಂದ್ರ ಆಟೋ ಓಡಿಸುತ್ತಾನೆ, ಅತ್ತೆ ಸೊಸೆ ಬೆಳಿಗ್ಗೆ ಇಡ್ಲಿ ಮಾಡಿ ಮಾರುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಬೀದಿಯ ಜನ ನನಗೆ ನೀರು ಕೊಡುವಾಗಲೂ ಮೇಲಿನಿಂದ ಸುರಿಯುತ್ತಿದ್ದರು. ಒಳಗೆ ಕರೆದು ಕೂರಿಸಿ ಮನೆಯ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟವರು ಭದ್ರಮ್ಮ ಒಬ್ಬರೇ. ಅದಕ್ಕೆ ಅವರ ಅತ್ತೆಯಿಂದ ಬೈಸಿಕೊಂಡರು. ಅಂದಿನಿಂದ ಆ ಬೀದಿಗೆ ನೀರು ಬಿಡುವ ದಿನವೆಲ್ಲ ನನ್ನ ಕಾಫಿ ಅಲ್ಲೇ.

ಇವತ್ತೂ ಕೊಟ್ಟರು. ಗೋಡೆಯ ಕಡೆ ಕೈ ತೋರಿಸಿ ಏನೋ ಹೇಳಿದರು. ಸೊಸೆಯ ಮೇಲೆ ದೂರು ಇರಬೇಕು, ವಯಸ್ಸಾದವರಿಗೆ ಅದೊಂದು ಇದ್ದೇ ಇರುತ್ತದೆ. ಹೂಂ ಎಂದು ತಲೆಯಾಡಿಸಿ ಕಾಫಿ ಕುಡಿದು ಬಂದೆ.

ಫೆಬ್ರವರಿ 22, ಶನಿವಾರ

ಕುಂಬಾರ ಬೀದಿ ಕಾಂಕ್ರೀಟ್ ಮುಗಿಯಿತು. ಕನ್ನಡಿ ಹಾಗಿದೆ. ಮಕ್ಕಳು ಬೇಡವೆಂದರೂ ಹಸಿ ಕಾಂಕ್ರೀಟಿನ ಮೇಲೆ ಹೆಜ್ಜೆ ಮೂಡಿಸಿವೆ.

ಮಾರ್ಚ್ 9, ಭಾನುವಾರ

ಸಂಘಮಿತ್ರ ಹಾರನಹಳ್ಳಿಯಿಂದ ಬಂದಿದ್ದಳು. ಬಂದವಳೇ ಟಿ.ವಿ.ಯ ಸೌಂಡ್ ತಗ್ಗಿಸಿದಳು. ನಾನು ಏರಿಸಿದೆ. ಅವಳು ಮತ್ತೆ ತಗ್ಗಿಸಿದಳು. ಆಮೇಲೆ ಪಕ್ಕ ಕೂತು, "ಅಪ್ಪಾ, ಒಂದ್ಸಲ ಮೈಸೂರಲ್ಲಿ ಕಿವಿ ತೋರ್ಸನ ಬಾ" ಎಂದಳು.

ಮೈಯೆಲ್ಲ ಉರಿಯಿತು. "ಊರಿಗೇ ಕಿವಿ ಕಣವ್ವ ನಾನು. ನೆಲದೊಳಗಿನ ನೀರು ಕೇಳೋನ್ಗೆ ನೀನು ಕಿವಿ ತೋರಿಸ್ತೀಯಾ?" ಎಂದು ಕೂಗಿಬಿಟ್ಟೆ. ಅವಳು ಊಟ ಮಾಡದೆ ಸಂಜೆಯ ಬಸ್ಸಿಗೆ ಹೊರಟಳು. ಈಗ ಬೇಜಾರಾಗುತ್ತಿದೆ. ಫೋನ್ ಮಾಡಬಹುದು, ಆದರೆ ಈ ಹಾಳು ಫೋನಿನಲ್ಲಿ ಯಾರ ಮಾತೂ ಪೂರ್ತಿ ಬರುವುದಿಲ್ಲ.

ಚಿಕ್ಕಮಾದಮ್ಮನೂ ಈಚೆಗೆ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ನನ್ನ ಮೇಲೆ ಯಾಕೆ ಕೋಪವೋ ತಿಳಿಯದು. ಮನೆಯೆಲ್ಲ ತಣ್ಣಗಿದೆ.

ಒಂದು ಸಮಾಧಾನ. ನಲ್ಲಿಗೆ ನೀರು ಬರುವ ಮುಂಚೆ ಗಾಳಿ ಬುಸುಗುಡುವುದು ನಿಂತಿದೆ. ಮೊದಲು ಬೀದಿಯ ನಲ್ಲಿಗಳೆಲ್ಲ ಒಟ್ಟಿಗೆ ಬುಸ್ ಎನ್ನುತ್ತಿದ್ದವು, ಹೆಂಗಸರು ಕೊಡ ಹಿಡಿದು ಓಡಿಬರುತ್ತಿದ್ದರು. ಹೋದ ವರ್ಷ ನಾನು ಗಾಳಿ ವಾಲ್ವ್ ರಿಪೇರಿ ಮಾಡಿದ್ದು ಸಾರ್ಥಕವಾಯಿತು.

ಮಾರ್ಚ್ 21, ಶುಕ್ರವಾರ

ಕುಂಬಾರ ಬೀದಿಯಿಂದ ದೂರು. ನೀರು ವಾಸನೆ ಬರುತ್ತಿದೆಯಂತೆ. ಹೋಗಿ ಬೊಗಸೆಯಲ್ಲಿ ಹಿಡಿದು ನೋಡಿದೆ. ಮೊದಲ ಐದು ನಿಮಿಷ ಸ್ವಲ್ಪ ಕಮಟು, ಆಮೇಲೆ ಸರಿಹೋಯಿತು. ಟ್ಯಾಂಕ್ ತೊಳೆಯಬೇಕು, ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಬೇಕು ಎಂದು ಮೇಡಂಗೆ ಹೇಳಿದೆ.

ಅವರು ಒಂದು ಚೀಟಿಯ ಮೇಲೆ ಬರೆದು ತೋರಿಸಿದರು: "ಲೈನ್‌ನಲ್ಲಿ ಲೀಕ್ ಇರಬಹುದಾ?" ಬರೆದು ಯಾಕೆ ತೋರಿಸಿದರೋ. ಆಫೀಸಿನಲ್ಲಿ ಜನವಿದ್ದರು, ಅದಕ್ಕೇ ಇರಬೇಕು.

"ನಾನೇ ಕೇಳಿದ್ದೀನಿ ಮೇಡಂ, ಲೀಕಿಲ್ಲ" ಎಂದೆ.

ಮಾರ್ಚ್ 26, ಬುಧವಾರ

ಕುಂಬಾರ ಬೀದಿಯಲ್ಲಿ ಹದಿನಾಲ್ಕು ಜನಕ್ಕೆ ವಾಂತಿಭೇದಿ. ಮಕ್ಕಳೇ ಒಂಬತ್ತು. ಲೈನು ಬಂದ್ ಮಾಡಿಸಿ ಟ್ಯಾಂಕರ್ ಕಳಿಸಿದೆವು. ದಿನವಿಡೀ ಟ್ಯಾಂಕರಿನ ಪೈಪು ಹಿಡಿದು ನಿಂತೆ. ಜನ ನನ್ನನ್ನು ನೋಡಿ ಏನೋ ಗೊಣಗುತ್ತಿದ್ದರು.

ಭದ್ರಮ್ಮನವರನ್ನು ಮೈಸೂರಿಗೆ ಸಾಗಿಸಿದ್ದಾರೆ. ಧರ್ಮೇಂದ್ರನ ಆಟೋದಲ್ಲೇ. ಸೀಟಿಗೆ ಒರಗಿಕೊಂಡು ನನ್ನ ಕಡೆ ಕೈ ಎತ್ತಿದರು.

ಮಾರ್ಚ್ 28, ಶುಕ್ರವಾರ

ಲೀಕಿಲ್ಲ. ನಾನೇ ಕೇಳಿದ್ದೇನೆ.

ಮಾರ್ಚ್ 30, ಭಾನುವಾರ. ಯುಗಾದಿ

ಭದ್ರಮ್ಮ ಹೋದರು. ಬೆಳಿಗ್ಗೆ ಬಸವರಾಜು ಬಂದು ಹೇಳಿದ. ಚಿಕ್ಕಮಾದಮ್ಮ ಕೈಯಲ್ಲಿದ್ದ ಬೇವುಬೆಲ್ಲ ಹಾಗೇ ಒಳಗಿಟ್ಟಳು.

ಏಪ್ರಿಲ್ 2, ಬುಧವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಮೈಸೂರಿನಿಂದ ಮಷಿನ್ ಬಂತು. ಬೆಳಿಗ್ಗೆ ಏಳಕ್ಕೆ ಲೈನಿಗೆ ನೀರು ಬಿಟ್ಟರು, ಯಾರೂ ಹಿಡಿಯಬೇಡಿ ಎಂದು ಸಾರಿಸಿ. ಬೀದಿಯ ಜನವೆಲ್ಲ ಸುತ್ತ ನಿಂತಿದ್ದರು. ಮಷಿನ್ನಿನವನು ತಲೆಗೆ ಹೆಡ್‌ಫೋನ್ ಹಾಕಿಕೊಂಡು ಭದ್ರಮ್ಮನ ಮನೆಯ ಮುಂದೆ ಬಂದು ನಿಂತ, ಅಲ್ಲೇ ಕಾಲಿಂದ ಗುರುತು ಹಾಕಿದ. ಚರಂಡಿ ದಾಟುವ ಜಾಗ. ನಾನು ಕಾಲು ಗಂಟೆ ಸರಳು ಹಿಡಿದು ನಿಂತಿದ್ದ ಜಾಗ.

"ಸಾಧ್ಯವೇ ಇಲ್ಲ" ಎಂದೆ.

ಅವನು ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿದ. ಏನೂ ಇಲ್ಲ. ಅವನು ಒಂದು ತಿರುಗಣಿ ತಿರುಗಿಸಿದ, ಇನ್ನಷ್ಟು ತಿರುಗಿಸಿದ. ಏನೂ ಇಲ್ಲ. "ನಿನ್ನ ಮಷಿನ್ ಕೆಟ್ಟಿದೆ ಕಣಯ್ಯಾ" ಎಂದೆ. ಅಷ್ಟರಲ್ಲಿ ಬಸವರಾಜು ನನ್ನ ಸರಳನ್ನು ತೆಗೆದುಕೊಂಡು ವಾಲ್ವ್ ಮೇಲೆ ಇಟ್ಟು ಕಿವಿಗೆ ಹಚ್ಚಿದ. ಅವನಿಗೆ ಈ ವಿದ್ಯೆ ಗೊತ್ತೇ ಇಲ್ಲ. ಹಚ್ಚಿದವನು ಬೆಚ್ಚಿ ತೆಗೆದ. ಸರಳನ್ನು ಧರ್ಮೇಂದ್ರನಿಗೆ ಕೊಟ್ಟ. ಅವನೂ ಬೆಚ್ಚಿದ. ಕೈಯಿಂದ ಕೈಗೆ ಹೋಯಿತು ಸರಳು. ಒಂದು ಪುಟ್ಟ ಹುಡುಗಿ ಕೂಡ ಕಿವಿಗೆ ಇಟ್ಟುಕೊಂಡು ಕಣ್ಣರಳಿಸಿತು. ಎಲ್ಲರಿಗೂ ಕೇಳುತ್ತಿತ್ತು.

ಕೊನೆಗೆ ನನ್ನ ಕೈಗೆ ಬಂತು. ಇಟ್ಟೆ. ಬರೀ ತಣ್ಣಗಿನ ಕಬ್ಬಿಣ.

ಬಸವರಾಜು ನನ್ನ ಕಿವಿಯ ಹತ್ತಿರ ಬಾಯಿಟ್ಟು, "ಸರಳೇ ಬ್ಯಾಡ ಕಣಣ್ಣ. ನಿಂತ್ರೂ ಕೇಳ್ತೈತೆ. ಚರಂಡಿ ಒಳಗೆ ಬುಳುಬುಳು ಅಂತೈತೆ" ಎಂದ. ಅವನ ದೊಡ್ಡ ಗಂಟಲು ಕೂಡ ಬಾವಿಯೊಳಗಿನಿಂದ ಬಂದಂತಿತ್ತು.

ಹೊಸ ಕಾಂಕ್ರೀಟ್ ಒಡೆದರು. ಮೂರಡಿ ಕೆಳಗೆ ಪೈಪಿನ ಜಾಯಿಂಟ್ ಬಾಯಿ ಬಿಟ್ಟಿತ್ತು, ನನ್ನ ನಾಲ್ಕು ಬೆರಳು ಹೋಗುವಷ್ಟು. ಪೈಪಿಗೆ ಸುತ್ತಿದ ಕರಿ ಕೆಸರು ನೋಡಿದರೆ ತಿಂಗಳುಗಳಿಂದ ಹಾಗೇ ಇದ್ದದ್ದು.

ಭದ್ರಮ್ಮನ ಸೊಸೆ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಮುಖಕ್ಕೆ ಮುಖ ಕೊಟ್ಟು ಕಿರುಚಿದ್ದರಿಂದ ಕೇಳಿತು. "ರಸ್ತೆ ಹಾಕೋ ಮುಂಚೇನೇ ಹೇಳಿದ್ರಲ್ಲಾ ನಮ್ಮತ್ತೆ! ಗೋಡೆ ಬುಡ ಒದ್ದೆಯಾಯ್ತಾ ಐತೆ, ಒಸಿ ನೋಡಪ್ಪಾ ಮುದ್ದಯ್ಯ ಅಂತ ಕಾಫಿ ಕೊಡೋವಾಗ ಹೇಳಿದ್ರು. ತಲೆ ಆಡಿಸ್ದೆ ನೀನು! ಮುದ್ದಯ್ಯ ನೋಡ್ಕತಾನೆ ಬುಡು ಅಂತ ನೆಮ್ಮದಿಯಾಗಿದ್ರು!"

ಇಷ್ಟು ವರ್ಷ ಅಣ್ಣ ಎಂದವಳು ಇವತ್ತು ನೀನು ಎಂದಳು. ಸರಿಯಾಗಿಯೇ ಅಂದಳು.

ಏಪ್ರಿಲ್ 4, ಶುಕ್ರವಾರ

ಬೃಂದಾ ಮೇಡಂಗೆ ನೋಟಿಸು ಬಂದಿದೆ. ಮಷಿನ್ ತರಿಸದೆ, ಪರೀಕ್ಷೆ ಮಾಡಿಸದೆ ಸಹಿ ಹಾಕಿದ್ದಾರೆ ಎಂದು. ಪ್ರೊಬೇಷನ್ನಿನಲ್ಲಿ ಇರುವವರನ್ನು ಮನೆಗೆ ಕಳಿಸುವುದು ಸುಲಭ.

ಮೇಲಿನ ಸಾಹೇಬರು ಮಹೇಶ್‌ಕುಮಾರ್ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಮೆಲ್ಲಗೆ ಏನೋ ಹೇಳಿದರು. ನಾನು ನೋಡುತ್ತ ಕೂತೆ. ಮತ್ತೆ ಹೇಳಿದರು. ಕೊನೆಗೆ ಎದ್ದು ಬಂದು ಕಿವಿಯಲ್ಲಿ ಕೂಗಿದರು: "ನೀನು ಸರಳು ಇಡಲೇ ಇಲ್ಲ, ಮೇಡಂ ಸುಮ್ನೆ ಸೈನ್ ಹಾಕು ಅಂದ್ರು, ಹಾಕ್ದೆ ಅಂತ ಬರ್ಕೊಡು! ಡಿಸೆಂಬರಿಗೆ ಪೆನ್ಶನ್ ತಗೊಂಡು ಹೋಗ್ತೀಯ! ಕಿವಿ ವಿಷಯ ಯಾರಿಗೂ ಹೇಳ್ಬೇಡ!"

ಗುಟ್ಟು ಹೇಳಲು ಬಂದವರು ನನಗಾಗಿ ಕಿರುಚಬೇಕಾಯಿತು. ಬಾಗಿಲು ತೆಗೆದಾಗ ಹೊರಗೆ ಇಡೀ ಆಫೀಸು ತಲೆ ಬಗ್ಗಿಸಿ ಫೈಲು ನೋಡುತ್ತಿತ್ತು. ಮೇಡಂ ಕೂಡ.

ಮೂರು ದಿನ ಸಮಯ ಕೇಳಿದ್ದೇನೆ. ಯಾಕೆ ಕೇಳಿದೆನೋ. ನಿಜ ಬಿಟ್ಟು ಬೇರೇನು ಬರೆಯುವುದಿತ್ತು?

ಏಪ್ರಿಲ್ 6, ಭಾನುವಾರ

ಬೆಳಿಗ್ಗೆಯಿಂದ ಈ ಡೈರಿಯನ್ನು ಮೊದಲಿನಿಂದ ಓದಿದೆ. ಗರಡಿ ಬೀದಿಯ ಮೂರು ಗುಂಡಿ. ಮೆತ್ತಗಿನ ಮೋಟಾರು. ತುಟಿಯಲ್ಲೇ ಮಾತಾಡುವ ಮೇಡಂ. ಎಲ್ಲ ನನ್ನ ಕೈಬರಹದಲ್ಲೇ ಇದೆ.

ಚಿಕ್ಕಮಾದಮ್ಮನನ್ನು ಎದುರಿಗೆ ಕೂರಿಸಿಕೊಂಡು, ಯಾಕೆ ನನ್ನ ಜೊತೆ ಮಾತು ಬಿಟ್ಟೆ ಎಂದು ಕೇಳಿದೆ. ಅವಳು ನನ್ನ ಕೈ ಹಿಡಿದು ಒಂದೊಂದೇ ಮಾತನ್ನು ಗಟ್ಟಿಯಾಗಿ ಹೇಳಿದಳು.

"ನಾನು ಬಿಡ್ನಿಲ್ಲ ಕಣ್ರೀ. ದಿನಾ ಮಾತಾಡ್ತಿದ್ದೆ. ನೀವು ತಿರುಗಿ ನೋಡ್ತಿರ್ಲಿಲ್ಲ. ಮನೆಗೋಡೆ ಜೊತೇಲಿ ಎಷ್ಟಂತ ಮಾತಾಡ್ಲಿ?"

"ನಲ್ಲಿ?" ಎಂದೆ. "ನೀರು ಬರೋ ಮುಂಚೆ ಬುಸ್ ಅಂತಿತ್ತಲ್ಲ?"

"ಈಗ್ಲೂ ಅಂತದೆ. ನೆನ್ನೇನೂ ಅಂತು."

ನಾನು ಅತ್ತುಬಿಟ್ಟೆ. ಅವಳೂ ಅತ್ತಳು. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದಿದ್ದೆ. ಮಗಳು ಹೇಳಿದಾಗ ನಾನು ಏನು ಮಾಡಿದೆ ಎಂಬುದು ಮಾರ್ಚ್ ಒಂಬತ್ತರ ಪುಟದಲ್ಲಿ ಇದೆ. ಕೇಳಲಿಲ್ಲ.

ಏಪ್ರಿಲ್ 7, ಸೋಮವಾರ

ಹೇಳಿಕೆ ಬರೆದುಕೊಟ್ಟೆ. ಸಾಹೇಬರು ಕೊಟ್ಟ ಕಾಗದದಲ್ಲೇ, ನನ್ನ ಮಾತಿನಲ್ಲಿ:

"ಫೆಬ್ರವರಿ 7ರಂದು ಹನ್ನೊಂದು ಕಡೆ ಸರಳು ಇಟ್ಟಿದ್ದು ನಿಜ. ಮೇಡಂ ಮಷಿನ್ ತರಿಸೋಣ ಎಂದಿದ್ದರು, ಬೇಡವೆಂದವನು ನಾನು. ಪೈಪಿನಲ್ಲಿ ಸದ್ದಿತ್ತು. ನನಗೆ ಕಿವಿ ಕೇಳುತ್ತಿರಲಿಲ್ಲ. ಅದನ್ನು ನಾನು ಒಪ್ಪಿಕೊಳ್ಳಲಿಲ್ಲ."

ಸಾಹೇಬರು ಓದಿ ಮೇಜಿನ ಮೇಲೆ ಎಸೆದರು. ಮಧ್ಯಾಹ್ನಕ್ಕೆ ಸಸ್ಪೆನ್ಶನ್ ಕಾಗದ ಬಂತು. ಮೇಡಂ ನೋಟಿಸು ಹಾಗೇ ಇದೆ. ಒಬ್ಬ ನೀರುಗಂಟಿಯ ಮಾತು ನಂಬಿದ್ದು ಯಾಕೆ ಎಂದು ಈಗ ಕೇಳುತ್ತಾರಂತೆ. ನಾನು ಅಂದುಕೊಂಡಷ್ಟು ಅವರಿಗೆ ಉಪಕಾರವಾಗಲಿಲ್ಲ. ಮೇಡಂ ಗೇಟಿನವರೆಗೆ ಬಂದರು. ತುಟಿ ನೋಡುತ್ತಿದ್ದೆ, ಅಲುಗಲಿಲ್ಲ.

ವಾಲ್ವ್ ತಿರುಗಿಸುವ ಕೀಲಿ, ಪಂಪ್‌ಹೌಸಿನ ಬೀಗದ ಕೈ ಬಸವರಾಜುವಿಗೆ ಒಪ್ಪಿಸಿದೆ. ಸರಳು ಸರ್ಕಾರದ್ದಲ್ಲ, ಚನ್ನಬಸವಣ್ಣನದು. ಅದನ್ನೂ ಅವನಿಗೇ ಕೊಟ್ಟೆ. ಯಾವ ಜಾಗಕ್ಕೆ ಒತ್ತಬೇಕೆಂದು ಅವನ ಕಿವಿಯ ಹಿಂದಿನ ಮೂಳೆಯ ಮೇಲೆ ಬೆರಳಿಟ್ಟು ತೋರಿಸಿದೆ. ವರ್ಷಕ್ಕೊಂದು ಸಲ ಡಾಕ್ಟರಿಗೆ ಕಿವಿ ತೋರಿಸು ಎಂದೂ ಹೇಳಿದೆ.

ಏಪ್ರಿಲ್ 9, ಬುಧವಾರ

ಭದ್ರಮ್ಮನವರ ಹನ್ನೊಂದನೆಯ ದಿನ. ಚಿಕ್ಕಮಾದಮ್ಮ ಹೋಗಬೇಡಿ ಎಂದಳು. ಹೋದೆ.

ಬೀದಿಯ ಮನೆ ಮನೆಯ ಮುಂದೆ ಕ್ಯಾನ್ ನೀರು. ಪೈಪು ಹೊಸದಾಗಿ ಹಾಕಿ, ಲ್ಯಾಬಿನಿಂದ ನೀರು ಶುದ್ಧವೆಂದು ಕಾಗದ ಬಂದರೂ ಯಾರೂ ನಲ್ಲಿಯ ನೀರು ಮುಟ್ಟುತ್ತಿಲ್ಲ. ಕಾಂಕ್ರೀಟ್ ಒಡೆದ ಜಾಗಕ್ಕೆ ಮಣ್ಣು ಮುಚ್ಚಿದ್ದಾರೆ. ಶಾಮಿಯಾನದಲ್ಲಿ ಕೂತಿದ್ದವರು ನನ್ನನ್ನು ನೋಡಿ ಜರುಗಿದರು. ಧರ್ಮೇಂದ್ರ ಎದ್ದು ಆಚೆ ಹೋದ. ನಾನು ಜಗಲಿಯ ತುದಿಯಲ್ಲಿ ಕೂತೆ. ಎದುರಿಗೇ ಆ ಗೋಡೆ. ಬುಡ ಇನ್ನೂ ಒದ್ದೆ ಇತ್ತು. ಕಣ್ಣಿಗೆ ಕಾಣುವ ಹಾಗೆಯೇ ಇತ್ತು.

ಸೊಸೆ ಒಳಗಿನಿಂದ ಭದ್ರಮ್ಮನ ಸ್ಟೀಲ್ ಲೋಟ ತಂದಳು. ನನ್ನ ಕಾಫಿಯ ಲೋಟ. ಅಂಗಳದ ನಲ್ಲಿಯ ಹತ್ತಿರ ಹೋಗಿ, ನಾನು ನೋಡುತ್ತಿರುವಂತೆಯೇ ನಲ್ಲಿ ತಿರುಗಿಸಿ ತುಂಬಿಸಿದಳು. ತಂದು ನನ್ನ ಮುಂದೆ ಇಟ್ಟಳು. ಇಟ್ಟು ಏನೋ ಹೇಳಿದಳು. ಕೂಗಲಿಲ್ಲ. ಅವಳ ಕಣ್ಣು ತುಂಬಿತ್ತು.

"ಇನ್ನೊಂದ್ಸಲ ಹೇಳವ್ವ" ಎಂದೆ. "ನಂಗೆ ಕಿವಿ ಕೇಳ್ಸಲ್ಲ."

ಈ ಮಾತನ್ನು ಬಾಯಿ ಬಿಟ್ಟು ಬೇರೆಯವರ ಮುಂದೆ ಹೇಳಿದ್ದು ಇದೇ ಮೊದಲು.

ಅವಳು ಇನ್ನೊಂದು ಸಲ ಹೇಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಶಾಮಿಯಾನದ ಜನವೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಲೋಟ ಎತ್ತಿ ಪೂರ್ತಿ ಕುಡಿದೆ.